ಬೀಳದ ಹಾಗೆ

ನಾನು ಬಿದ್ದಾಗ ನನ್ನ ಮಗ ಮೊದಲು ನೋಡಿದ್ದು ಜಾಡಿಯನ್ನು. ದೂರು ಅಂತ ಹೇಳುತ್ತಿಲ್ಲ. ನಮ್ಮದು ಗಾಜು, ಪಿಂಗಾಣಿ ಮಾರುವ ಅಂಗಡಿ. ಏನಾದರೂ ಬಿದ್ದ ಸದ್ದು ಕೇಳಿದರೆ ಯಾವುದು ಹೋಯಿತು ಅಂತ ನೋಡುವುದು ನಮ್ಮ ಮನೆಯವರಿಗೆ ಹುಟ್ಟುಗುಣ. ನೆಲದ ಮೇಲೆ ಕುಕ್ಕರಿಸಿದ ನಾನೂ ಮೊದಲು ನೋಡಿದ್ದು ಜಾಡಿಯನ್ನೇ. ಎಡಗೈಯಲ್ಲಿ ಅದನ್ನು ಎದೆಗೆ ಅವುಚಿಕೊಂಡಿದ್ದೆ, ಒಂದು ಗೀರೂ ಆಗಿರಲಿಲ್ಲ. ಆಮೇಲೆ ಬಲಗೈ ನೋಡಿಕೊಂಡರೆ ಮಣಿಕಟ್ಟಿನ ಹತ್ತಿರ ಬಾಗಿದ ಚಮಚದ ಹಾಗೆ ಸೊಟ್ಟಗಾಗಿತ್ತು. ಜಾಡಿ ಕೊಳ್ಳಲು ನಿಂತಿದ್ದ ಹೆಂಗಸು ಹೆದರಿ, ಜಾಡಿಯೂ ಬೇಡ ಏನೂ ಬೇಡ ಅಂತ ಹೊರಟುಹೋದಳು. ಅಷ್ಟು ಹೊತ್ತು ಮಾತಾಡಿಸಿ ಒಪ್ಪಿಸಿದ್ದ ಗಿರಾಕಿ. ಆಗ ನನಗೆ ಕೈನೋವಿಗಿಂತ ಹೆಚ್ಚು ಉರಿದದ್ದು ಅದು.

ಬೀಳುವುದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಬೆಳಿಗ್ಗೆ ಪೆಟ್ಟಿಗೆ ಬಿಚ್ಚಿದಾಗ ಉದುರಿದ ಒಣಹುಲ್ಲನ್ನು ಯಾರೂ ಗುಡಿಸಿರಲಿಲ್ಲ. ಅದರ ಮೇಲೆ ಕಾಲಿಟ್ಟೆ, ಜಾರಿತು. ವಯಸ್ಸಿದ್ದಾಗ ಅದೇ ಹುಲ್ಲಿನ ಮೇಲೆ ಎಷ್ಟು ಸಲ ಜಾರಿದ್ದೇನೋ, ಎದ್ದು ಬಟ್ಟೆ ಕೊಡವಿಕೊಂಡು ಗಿರಾಕಿಗಳ ಜೊತೆ ನಾನೂ ನಕ್ಕಿದ್ದೇನೆ. ಈ ಸಲ ಕೈ ಊರಿದ್ದೇ ತಡ, ಮುರಿಯಿತು.

ಅಂಗಡಿ ಕಟ್ಟಿದ್ದು ನಾನು ಮತ್ತು ನನ್ನ ಯಜಮಾನರು. ಅವರು ಹೋಗಿ ಬಹಳ ಕಾಲವಾಯಿತು. ಅವರದು ಒಂದೇ ಸೂತ್ರ: ಮುಟ್ಟದ ಗಾಜು ಒಡೆಯುವುದಿಲ್ಲ. ಒಳ್ಳೆಯ ಸಾಮಾನನ್ನೆಲ್ಲ ಕಾಗದ ಸುತ್ತಿ ಮೇಲಿನ ಅಟ್ಟದಲ್ಲಿ ಕೂರಿಸುತ್ತಿದ್ದರು. ಅದು ಒಡೆಯಲಿಲ್ಲ ನಿಜ, ಮಾರಾಟವೂ ಆಗಲಿಲ್ಲ. ನನ್ನ ದಾರಿಯೇ ಬೇರೆ. ಗಿರಾಕಿ ಒಳಗೆ ಬಂದ ಕೂಡಲೇ ಬಟ್ಟಲನ್ನು ಕೈಗೆ ಕೊಟ್ಟುಬಿಡುತ್ತಿದ್ದೆ. "ಹಿಡ್ಕೊಂಡು ನೋಡಿ. ಮನೇಲಿ ದಿನಾ ಹಿಡ್ಕೋಬೇಕಾದವ್ರು ನೀವೇ ತಾನೇ" ಅನ್ನುತ್ತಿದ್ದೆ. ಕೈಗೆ ಬಂದ ಬಟ್ಟಲನ್ನು ವಾಪಸ್ ಇಡುವುದು ಮನುಷ್ಯರಿಗೆ ಕಷ್ಟ. ಆಗೊಂದು ಈಗೊಂದು ಒಡೆಯುತ್ತಿತ್ತು, ಒಡೆಯಲಿ. ವ್ಯಾಪಾರ ನಡೆದದ್ದು ನನ್ನಿಂದ. ಇದನ್ನು ಅವರು ಇರುವ ತನಕ ಒಪ್ಪಲಿಲ್ಲ, ನಾನು ಇರುವ ತನಕ ಬಿಡುವುದಿಲ್ಲ.

ಮಗ ಥೇಟ್ ಅಪ್ಪನ ಅಚ್ಚು. ಅಂಗಡಿ ಅವನ ಕೈಗೆ ಬಂದ ಮೇಲೆ ಸಾಲುಸಾಲಾಗಿ "ಮುಟ್ಟಬೇಡಿ" ಎಂಬ ಹಲಗೆಗಳು ಬಂದವು. ನನ್ನ ಕೌಂಟರಿನ ಮುಂದೆ ಮಾತ್ರ ಹಲಗೆ ಇಡಲು ನಾನು ಬಿಟ್ಟಿರಲಿಲ್ಲ. ಆ ಕೌಂಟರು ಎದೆಯೆತ್ತರದ್ದು. ಅದರ ಹಿಂದೆ ಕೂತರೆ ಗಿರಾಕಿಗೆ ನಮ್ಮ ಬೈತಲೆ ಮಾತ್ರ ಕಾಣುತ್ತದೆ, ಕೈ ಕಾಣುವುದಿಲ್ಲ. ಅಲ್ಲಿ ನಿಂತೇ ವ್ಯಾಪಾರ ಮಾಡಬೇಕು. ನಾನು ಅರ್ಧ ಆಯುಷ್ಯ ಅಲ್ಲಿ ನಿಂತವಳು. ಕೈಗೆ ಪಟ್ಟಿ ಕಟ್ಟಿಸಿಕೊಂಡ ದಿನವೇ ಡಾಕ್ಟರನ್ನು ಕೇಳಿದೆ, "ಮತ್ತೆ ಯಾವತ್ತಿಂದ ನಿಂತ್ಕೋಬಹುದು?" ನನಗೆ ಬೇಕಾಗಿದ್ದದ್ದು ಅದೊಂದೇ.

ಮೂಳೆ ಡಾಕ್ಟರು ಒಳ್ಳೆಯ ಮನುಷ್ಯ, ಸುಸ್ತಾದ ಮನುಷ್ಯ. ಮೆಷಿನ್ನಿನ ಕೆಳಗೆ ಮಲಗಿಸಿ ಸೊಂಟ, ಬೆನ್ನು ಎಲ್ಲ ಅಳತೆ ಮಾಡಿಸಿದರು. "ಆಸ್ಟಿಯೋಪೊರೋಸಿಸ್ ಅಂತಾರೆ. ಮೂಳೆ ಒಳಗಿಂದ ಟೊಳ್ಳಾಗ್ತಾ ಬಂದಿದೆ. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಇದು ಜಾಸ್ತಿ. ಏನೂ ನೋವಿರಲ್ಲ, ಸದ್ದಿಲ್ಲದೆ ಸವೀತಾ ಇರುತ್ತೆ, ಮುರಿದಾಗಲೇ ಗೊತ್ತಾಗೋದು" ಅಂದರು. ವಾರಕ್ಕೊಂದು ಮಾತ್ರೆ ಬರೆದರು. ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲೋಟ ತುಂಬ ನೀರಿನ ಜೊತೆ ನುಂಗಬೇಕು, ಆಮೇಲೆ ಅರ್ಧ ಗಂಟೆ ಮಲಗಕೂಡದು. ಹಾಲು, ಮೊಟ್ಟೆ, ಬೇಳೆ ಚೆನ್ನಾಗಿ ತಿನ್ನಬೇಕು, ಬಿಸಿಲಿಗೆ ಹೋಗಬೇಕು. ಬಚ್ಚಲಲ್ಲಿ ಹಿಡಿಕೆ ಹಾಕಿಸಿ, ಜಾರುವ ಚಾಪೆ ತೆಗೆಯಿರಿ, ಹಿಮ್ಮಡಿ ಹಿಡಿಯುವ ಷೂ ಕೊಡಿಸಿ, ದಿನಾ ನಡೆಸಿ, ವ್ಯಾಯಾಮ ಮಾಡಿಸಿ. ಇಷ್ಟೆಲ್ಲ ಹೇಳಿದರು. ನಾನು ಕಿವಿಯಾರೆ ಕೇಳಿದ್ದೇನೆ. ಕೊನೆಗೆ, ನಾವು ಎದ್ದು ನಿಂತ ಮೇಲೆ, ಮಗನ ಹೆಗಲು ತಟ್ಟಿ ಇನ್ನೊಂದು ಮಾತು ಸೇರಿಸಿದರು. "ಇನ್ನೊಂದು ಸಲ ಬೀಳದ ಹಾಗೆ ನೋಡ್ಕೊಳ್ಳಿ. ನಿಮ್ಮ ತಾಯಿ ಮೂಳೆ ಈಗ ಗಾಜಿದ್ದ ಹಾಗೆ."

ಪಾಪ, ನಾವು ಏನು ಮಾರುವವರು ಅಂತ ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಬೇರೆ ಯಾರ ಮಗನಿಗೆ ಹೇಳಿದ್ದರೂ ಅದು ಬರೀ ಮಾತಾಗಿರುತ್ತಿತ್ತು. ನನ್ನ ಮಗನಿಗೆ ಅದು ಕಸುಬಿನ ಸೂಚನೆಯಾಯಿತು. ಉಳಿದದ್ದೆಲ್ಲ ಒಂದು ಕಿವಿಯಲ್ಲಿ ಹೋಗಿ ಇನ್ನೊಂದು ಕಿವಿಯಲ್ಲಿ ಹೊರಗೆ ಬಂತು. ಗಾಜನ್ನು ಹೇಗೆ ಕಾಪಾಡಬೇಕು ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಾರನೆಯ ದಿನವೇ ಗೋದಾಮಿನಿಂದ ಫೋಮ್ ಹಾಳೆ, ರಟ್ಟು, ಅಂಟುಪಟ್ಟಿ ಮನೆಗೆ ಬಂದವು. ಮೇಜಿನ ಮೂಲೆಗಳಿಗೆಲ್ಲ ರಟ್ಟು ಸುತ್ತಿದ. ಬಾಗಿಲ ಚೌಕಟ್ಟಿಗೆ ಫೋಮ್ ಬಡಿದ. ಚಾಪೆ ತೆಗೆದ, ಬಚ್ಚಲಲ್ಲಿ ಹಿಡಿಕೆ ಹಾಕಿಸಿದ, ಹಾಸಿಗೆಯಿಂದ ಬಚ್ಚಲಿನವರೆಗೆ ಸಣ್ಣ ದೀಪ ಹಾಕಿಸಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಅವನನ್ನು ಊರೆಲ್ಲ ಹೊಗಳಿಕೊಂಡು ಓಡಾಡುತ್ತಿದ್ದೆ. ನಿಲ್ಲಿಸಲಿಲ್ಲ. ನಡುಮನೆಯ ಮೂಲೆಯಲ್ಲಿ ಕೈಯಿರುವ ಕುರ್ಚಿಯೊಂದನ್ನು ಗೋಡೆಗೆ ಒತ್ತಿಸಿ ಇಟ್ಟ. ಅದರಲ್ಲಿ ನನ್ನನ್ನು ಕೂರಿಸಿದ. ಆಮೇಲೆ ಎರಡೂ ಪಕ್ಕಕ್ಕೆ ದಿಂಬು ತುರುಕಿದ. ಪೆಟ್ಟಿಗೆ ತುಂಬುವಾಗ ಸಂದು ಬಿಡಬಾರದು, ಸಂದು ಬಿಟ್ಟರೆ ಒಳಗಿರುವುದು ಅಲುಗಾಡುತ್ತದೆ. ಇದನ್ನು ಅವನಿಗೆ ಚಿಕ್ಕಂದಿನಲ್ಲಿ ಕಲಿಸಿದವಳು ನಾನೇ.

"ಏನ್ ಬೇಕಾದ್ರೂ ಕೂಗು, ನೀನು ಮಾತ್ರ ಏಳ್ಬೇಡ" ಅಂದ.

"ಬಚ್ಚಲಿಗೆ ಹೋಗ್ಬೇಕಾದ್ರೆ?"

"ನಿನ್ನ ಸೊಸೆ ಕರ್ಕೊಂಡು ಹೋಗ್ತಾಳೆ."

"ಅಂಗಡಿಗೆ?"

ಅವನು ಇನ್ನೊಂದು ದಿಂಬು ತಂದ.

ಕೈಪಟ್ಟಿ ಬಿಚ್ಚಿದ ಮೇಲೆ ಆಸ್ಪತ್ರೆಯಿಂದ ಒಬ್ಬಳು ವ್ಯಾಯಾಮ ಮಾಡಿಸುವ ಹುಡುಗಿ ಬರತೊಡಗಿದಳು. ಶಾಲೆಯ ಮೈದಾನದಲ್ಲಿ ಸೀಟಿ ಊದುವವರ ಹಾಗೆ ಮಾತಾಡುತ್ತಿದ್ದಳು. ಅದಕ್ಕೇ ನಾನು ಅವಳಿಗೆ ಡ್ರಿಲ್ ಟೀಚರ್ ಅಂತ ಹೆಸರಿಟ್ಟೆ. ಅವಳು ಬಂದವಳೇ ದಿಂಬುಗಳನ್ನು ಎತ್ತಿ ಮಂಚದ ಮೇಲೆ ಎಸೆದಳು. ಅವತ್ತಿನಿಂದ ನನಗೆ ಅವಳೆಂದರೆ ಪ್ರಾಣ. ಕೈ ಊರದೆ ಕುರ್ಚಿಯಿಂದ ಏಳು, ಕೂರು. ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ಹಿಮ್ಮಡಿ ಎತ್ತು, ಇಳಿಸು. ಒಂದು ಕಾಲ ಮೇಲೆ ನಿಲ್ಲು. ನಡುಮನೆಯಲ್ಲಿ ಹೋಗು, ಬಾ. ಮೊದಮೊದಲು ತೊಡೆ ನಡುಗುತ್ತಿತ್ತು. ನಾನು ಬೈಯುತ್ತಿದ್ದೆ, ಅವಳು ನಗುತ್ತಿದ್ದಳು.

"ಮೂಳೆಗೆ ಭಾರ ಬೇಕು ಅಜ್ಜಿ. ಭಾರ ಹೊತ್ರೆ ಅದು ಗಟ್ಟಿಯಾಗಿರುತ್ತೆ. ಕೆಲಸ ಕೊಡ್ದೆ ಕೂರಿಸಿದ್ರೆ, ಇದು ದಂಡ ಅಂತ ದೇಹ ತಾನೇ ಕರಗಿಸಿಬಿಡುತ್ತೆ" ಅಂದಳು ಒಂದು ದಿನ.

"ಮುದುಕರನ್ನೂ ಹಾಗೇ ಅಲ್ವೇನೇ" ಅಂದೆ.

ನಾನು ಕಟ್ಟೆ ಹಿಡಿದು ತುದಿಗಾಲಲ್ಲಿ ನಿಂತಿದ್ದಾಗ ಮಗ ಯಾಕೋ ಅಂಗಡಿಯಿಂದ ಮಧ್ಯದಲ್ಲೇ ಬಂದ. ಬಾಗಿಲಲ್ಲಿ ಅವನ ಮುಖ ನೋಡಿದೆ. ಅಟ್ಟದಿಂದ ಪೂರಾ ಡಿನ್ನರ್ ಸೆಟ್ಟು ಜಾರುತ್ತಿರುವುದನ್ನು ಕೆಳಗೆ ನಿಂತು ನೋಡುವವನ ಮುಖ. ಓಡಿ ಬಂದು ನನ್ನ ಸೊಂಟ ಹಿಡಿದುಕೊಂಡ. ಆಮೇಲೆ ಆ ಹುಡುಗಿಯ ಕಡೆ ತಿರುಗಿದ.

"ಗಾಜಿನ ಲೋಟ ಗಟ್ಟಿಯಾಗ್ಲಿ ಅಂತ ಯಾರಾದ್ರೂ ದಿನಾ ಕುಟ್ತಾರೇನ್ರೀ?"

"ಇದು ಗಾಜಲ್ಲ ಸರ್, ಮೂಳೆ. ಇದಕ್ಕೆ ಜೀವ ಇದೆ."

"ಜೀವ ಇದೆ ಅಂತಾನೇ ನಂಗೆ ಭಯ" ಅಂದ. ನಾಳೆಯಿಂದ ಬರುವುದು ಬೇಡ ಅಂತಲೂ ಅಂದ.

ಅವಳು ಹೋದ ಮೇಲೆ ನಾನು ಸುಮ್ಮನಿರಲಿಲ್ಲ. ನನ್ನ ಬಾಯಿ ಹೇಗೆ ಅಂತ ಇಡೀ ಬೀದಿಗೆ ಗೊತ್ತು. ಅವನ ಅಪ್ಪನನ್ನೂ ಸೇರಿಸಿ ಬೈದೆ. ಅವಳನ್ನು ಮತ್ತೆ ಕರೆಸದಿದ್ದರೆ ಊಟ ಬಿಡುತ್ತೇನೆ ಅಂದೆ. ಅವನು ತಿರುಗಿ ಬೈದಿದ್ದರೆ ನಾನು ಗೆಲ್ಲುತ್ತಿದ್ದೆ. ಅವನು ನನ್ನ ಕುರ್ಚಿಯ ಕೆಳಗೆ ನೆಲದ ಮೇಲೆ ಕೂತು, ನನ್ನ ಮಂಡಿಗೆ ಹಣೆ ಹಚ್ಚಿ ಅತ್ತುಬಿಟ್ಟ. "ಅಪ್ಪ ಹೋದಾಗ ನಾನು ಹತ್ರ ಇರ್ಲಿಲ್ಲ. ನಿಂಗೇನಾದ್ರೂ ಆದ್ರೆ ನಾನು ಬದುಕಲ್ಲ ಅಮ್ಮ" ಅಂದ. ತಲೆ ನರೆತ ಗಂಡಸು ಹಾಗೆ ಅತ್ತರೆ ಹೆತ್ತವಳು ಏನು ಮಾಡಬೇಕು? ತಲೆ ಸವರಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಸುಳ್ಳಲ್ಲ. ಆದರೆ ಒಳಗೆ ನನಗೆ ಕೋಪವೇ ಇತ್ತು. ಅಳುವವರ ಮುಂದೆ ನ್ಯಾಯ ಮಾತಾಡುವುದಕ್ಕೆ ಆಗುವುದಿಲ್ಲ, ಅದು ಅಳುವವರಿಗೂ ಗೊತ್ತಿರುತ್ತದೆ.

ಅವನು ಕೆಟ್ಟವನಾಗಿದ್ದರೆ ನನಗೆ ಸುಲಭವಿತ್ತು. ಹಾಲು ಬಿಸಿ ಮಾಡಿ ತಾನೇ ಕೈಗೆ ಕೊಡುತ್ತಿದ್ದ. ಮಾತ್ರೆಯ ದಿನ ತಪ್ಪಿಸಿದವನಲ್ಲ. ಅರ್ಧ ಗಂಟೆ ಮಲಗಕೂಡದು ಅಂತ ಎದುರಿಗೇ ಕೂತು ಕಾಯುತ್ತಿದ್ದ. ಮಲಗುವುದೇನು ಬಂತು, ದಿನವಿಡೀ ಕೂತೇ ಇರುವವಳಿಗೆ ಅದೊಂದು ಪಥ್ಯವೇ? ಬಿಸಿಲಿಗೆ ಹೋಗಬೇಕೆಂದರೆ ಮಹಡಿ ಹತ್ತಬೇಕು, ಮಹಡಿಗೆ ಮೆಟ್ಟಿಲಿದೆ, ಮೆಟ್ಟಿಲಿದ್ದ ಮೇಲೆ ಬೀಳುವುದೂ ಇದೆ. ಅಲ್ಲಿಗೆ ಬಿಸಿಲಿನ ಕತೆ ಮುಗಿಯಿತು. ಬಿಸಿಲಿನ ಬದಲು ಒಂದು ಮಾತ್ರೆ ತಂದ. ನೆಂಟರು ಬಂದು ರಟ್ಟು ಸುತ್ತಿದ ಮೇಜು ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದರು. ಇಂಥ ಮಗನನ್ನು ಪಡೆಯಲು ಪುಣ್ಯ ಮಾಡಿರಬೇಕು ಅನ್ನುತ್ತಿದ್ದರು. ನಾನು ಹೂಂಗುಡುತ್ತಿದ್ದೆ. ಪುಣ್ಯ ಮಾಡಿದವಳ ತೊಡೆ ಕರಗಿ ಕುರ್ಚಿಯ ಕೈಯಷ್ಟಾಗಿತ್ತು, ಅದನ್ನು ಹೊದಿಕೆ ಮುಚ್ಚಿತ್ತು.

ಸೊಸೆ ಕಡಿಮೆ ಮಾತಿನವಳು. ಮಾತಾಡಿದರೆ ಮಾತ್ರ ಕತ್ತರಿಸಿ ಇಟ್ಟ ಹಾಗೆ. ಒಂದು ದಿನ ಸ್ನಾನ ಮಾಡಿಸುವಾಗ ನನ್ನ ಕಾಲು ನೋಡಿ ಅವಳ ಕೈ ನಿಂತಿತು.

"ಆ ಹುಡುಗಿ ಹೇಳಿದ್ದೇ ಸರಿ ಅತ್ತೆ. ನಂಗೆ ಗೊತ್ತು."

"ಗೊತ್ತಿದ್ರೆ ನಿನ್ನ ಗಂಡಂಗೆ ಯಾಕೆ ಹೇಳಲ್ಲ?"

ಅವಳು ನೀರು ಹಾಕುತ್ತಾ ಹೇಳಿದಳು, "ನೀವು ನಡೆಯುವಾಗ ಬಿದ್ರೆ ಅದು ನನ್ನ ತಪ್ಪಾಗುತ್ತೆ. ಕೂತಲ್ಲೇ ಸವೆದ್ರೆ ವಯಸ್ಸಿನ ತಪ್ಪು. ಯಾರೂ ನನ್ನನ್ನ ಕೇಳಲ್ಲ."

ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ಆದರೆ ಇಡೀ ಮನೆಯಲ್ಲಿ ನನ್ನ ಹತ್ತಿರ ನಿಜ ಮಾತಾಡಿದವಳು ಅವಳೊಬ್ಬಳೇ.

ತಪಾಸಣೆಗೆ ಡಾಕ್ಟರ ಬಳಿ ಹೋಗುವ ದಿನ ನನ್ನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋದ. ಡಾಕ್ಟರು ಕುರ್ಚಿ ನೋಡಿದರು, ನನ್ನನ್ನು ನೋಡಿದರು.

"ಮತ್ತೆ ಬಿದ್ರಾ?"

"ಇಲ್ಲ ಡಾಕ್ಟ್ರೇ" ಅಂದ ಮಗ. ಅವನ ದನಿಯಲ್ಲಿ ಹೆಮ್ಮೆ ಇತ್ತು. "ಒಂದು ಹೆಜ್ಜೆ ಕೂಡ ಒಬ್ರನ್ನೇ ಇಡೋಕೆ ಬಿಟ್ಟಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಹಾಗೆ ಮಾಡಿ ಅಂತ ನಾನು ಹೇಳಿದ್ನಾ?"

"ನೀವೇ ಅಲ್ವಾ ಗಾಜು ಅಂದಿದ್ದು."

"ಅಯ್ಯೋ, ಅದು ಮಾತಿಗೆ ಹೇಳಿದ್ದು ಕಣ್ರೀ."

ಆಮೇಲೆ ಡಾಕ್ಟರು ಬಿಡಿಸಿ ಬಿಡಿಸಿ ಹೇಳಿದರು. ಮಾತ್ರೆ ಸವೆತ ತಡೆಯುತ್ತದೆ, ಆದರೆ ಮಾತ್ರೆಯೊಂದೇ ಸಾಲದು. ಕಾಲಿನ ಮಾಂಸಖಂಡ ಕರಗಿದರೆ ಬೀಳುವುದು ಇನ್ನೂ ಸುಲಭ, ಬಿದ್ದಾಗ ತಡೆಯುವುದಕ್ಕೂ ಏನೂ ಉಳಿದಿರುವುದಿಲ್ಲ. ಇವತ್ತಿನಿಂದಲೇ ಮೆಲ್ಲಗೆ ಶುರು ಮಾಡಿ, ಆ ಹುಡುಗಿಯನ್ನು ಮತ್ತೆ ಕರೆಸಿ. ಮಗ ತಲೆಯಾಡಿಸುತ್ತಾ ಕೇಳಿಸಿಕೊಂಡ. ನಾನು ಕಣ್ಣಲ್ಲಿ ಕಣ್ಣಿಟ್ಟು ಅವನನ್ನೇ ನೋಡುತ್ತಿದ್ದೆ. ಕಿವಿಗೆ ಹೋಗುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಅವನ ಅಪ್ಪ ಬೆಳೆಸಿದ ಭಯ ಅದು, ಒಬ್ಬ ಡಾಕ್ಟರ ಮಾತಿಗೆ ಬಗ್ಗುವಂಥದ್ದಲ್ಲ.

"ಆಗ್ಲಿ ಅಮ್ಮ, ನಡಿಯೋಣ. ಸ್ವಲ್ಪ ಚಳಿ ಕಳೀಲಿ" ಅಂದ. ಚಳಿ ಕಳೆಯಿತು. "ಬಿಸಿಲು ಜಾಸ್ತಿ, ತಲೆ ಸುತ್ತಿದ್ರೆ?" ಅಂದ. ಹುಡುಗಿಯನ್ನು ಕೇಳಿದ್ದೀನಿ, ಅವಳಿಗೆ ಪುರುಸೊತ್ತಿಲ್ಲವಂತೆ ಅಂದ. ಕೇಳಿರಲಿಲ್ಲ. ಸುಳ್ಳು ಹೇಳುವಾಗ ಅವನು ಚಿಕ್ಕಂದಿನಿಂದಲೂ ಕಿವಿ ಮುಟ್ಟಿಕೊಳ್ಳುತ್ತಾನೆ.

ಹೀಗಾದರೆ ಆಗುವುದಿಲ್ಲ ಅಂತ ನಾನೇ ಶುರುಮಾಡಿದೆ. ಮಧ್ಯಾಹ್ನ ಅವನು ಅಂಗಡಿಯಲ್ಲಿರುವಾಗ ದಿಂಬು ಕಿತ್ತು ಪಕ್ಕಕ್ಕಿಟ್ಟು, ಕುರ್ಚಿಯ ಕೈ ಹಿಡಿದು ಎದ್ದು ನಿಲ್ಲುತ್ತಿದ್ದೆ. ಮೊದಲ ದಿನ ನಿಂತ ಹಾಗೇ ಕುಸಿದು ಕೂತೆ. ಕಾಲು ನನ್ನದೇ ಅನ್ನಿಸಲಿಲ್ಲ. ಸೊಸೆ ಅಡುಗೆಮನೆಯಿಂದ ನೋಡಿದಳು. ಏನೋ ಹೇಳುತ್ತಾಳೆ ಅಂದುಕೊಂಡೆ. "ನಾನು ಹಿತ್ತಲಲ್ಲಿ ಬಟ್ಟೆ ಒಗೀತಿರ್ತೀನಿ. ನಂಗೆ ಅಲ್ಲಿಂದ ಏನೂ ಕಾಣಿಸಲ್ಲ" ಅಂದು ಹೊರಗೆ ಹೋದಳು. ಹೋಗುವ ಮೊದಲು ನನ್ನ ಷೂ ತಂದು ಕಾಲ ಹತ್ತಿರ ಇಟ್ಟಳು. ದಿನಾ ಆ ಹೊತ್ತಿಗೆ ಅವಳಿಗೆ ಒಗೆಯುವ ಬಟ್ಟೆ ಸಿಗುತ್ತಿತ್ತು. ಒಗೆದದ್ದನ್ನೇ ಒಗೆದಳೋ ಏನೋ.

ನಿಧಾನಕ್ಕೆ ಕಾಲು ನನ್ನ ಮಾತು ಕೇಳತೊಡಗಿತು. ಗೋಡೆ ಹಿಡಿದುಕೊಂಡು ಕಿಟಕಿಯ ತನಕ. ಆಮೇಲೆ ಗೋಡೆ ಬಿಟ್ಟು ಅಡುಗೆಮನೆಯ ತನಕ. ಕಟ್ಟೆ ಹಿಡಿದು ಹಿಮ್ಮಡಿ ಎತ್ತುವಾಗ ಆ ಹುಡುಗಿಯ ಸೀಟಿದನಿ ಕಿವಿಯಲ್ಲಿ ಕೇಳಿಸುತ್ತಿತ್ತು. ನನಗೆ ಹಸಿವಾಗತೊಡಗಿತು. ಬಹಳ ದಿನಗಳ ಮೇಲೆ ಸೊಸೆಯ ಅಡುಗೆಗೆ ಉಪ್ಪು ಕಡಿಮೆ ಅಂತ ಜಗಳ ತೆಗೆದೆ. ಅವಳು ನಕ್ಕಳು. ಮಗನಿಗೆ ಏನೂ ಗೊತ್ತಾಗಲಿಲ್ಲ. ಸಂಜೆ ಬರುವ ಹೊತ್ತಿಗೆ ನಾನು ದಿಂಬುಗಳ ನಡುವೆ ಇಟ್ಟಲ್ಲೇ ಇರುತ್ತಿದ್ದೆ.

ಆಮೇಲೆ ಒಂದು ದಿನ, ಅವನು ಚಹಾ ಕುಡಿಯುತ್ತಿದ್ದಾಗ, ಎದ್ದು ನಿಂತೆ. ಅವನ ಎದುರಿಗೇ ಅಡುಗೆಮನೆಗೆ ನಡೆದುಹೋಗಿ ಒಂದು ಲೋಟ ನೀರು ತಂದು ಅವನ ಮುಂದಿಟ್ಟೆ. ಅವನ ಕೈಯಲ್ಲಿದ್ದ ಚಹಾ ತೊಡೆಯ ಮೇಲೆ ಚೆಲ್ಲಿತು.

"ನಾಳೆ ನಾನು ಅಂಗಡಿಗೆ ಬರ್ತೀನಿ. ನನ್ನ ಕೌಂಟರಲ್ಲಿ ನಿಂತ್ಕೋತೀನಿ. ಕರ್ಕೊಂಡು ಹೋಗ್ತೀಯೋ, ನಾನೇ ಬರ್ಲೋ?"

ಅವನು ಸೊಸೆಯ ಮುಖ ನೋಡಿದ. ಅವಳು ಪಾತ್ರೆಯ ಕಡೆ ತಿರುಗಿಕೊಂಡಳು. "ಸರಿ" ಅಂದ ಕೊನೆಗೆ. ಕಿವಿ ಮುಟ್ಟಿಕೊಳ್ಳಲಿಲ್ಲ.

ಆ ಬೆಳಿಗ್ಗೆ ನಾನು ಮದುಮಗಳಷ್ಟು ಸಡಗರದಲ್ಲಿದ್ದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ತಲೆ ಬಾಚಿಕೊಂಡೆ. ಷೂವಿನ ಪಟ್ಟಿ ನಾನೇ ಬಿಗಿದೆ. ಅಂಗಡಿಯ ಮುಂದೆ ಕಾರು ನಿಂತಾಗ ಎದುರು ಅಂಗಡಿಯವರು ಕೈ ಬೀಸಿದರು. ನಮ್ಮ ಅಂಗಡಿಗೆ ಬೀದಿಯಿಂದ ಕೆಲವು ಮೆಟ್ಟಿಲು, ಪಕ್ಕದಲ್ಲಿ ಕಬ್ಬಿಣದ ಕಂಬಿ. ಕಂಬಿ ಹಿಡಿದುಕೊಂಡೆ. ಗಟ್ಟಿ ಕಾಲು ಮೊದಲು ಮೇಲೆ, ಇನ್ನೊಂದು ಆಮೇಲೆ. ಒಂದು ಮೆಟ್ಟಿಲಾಯಿತು. ಮೇಲೆ ತೆರೆದ ಬಾಗಿಲಿನಿಂದ ನನ್ನ ಕೌಂಟರು ಕಾಣುತ್ತಿತ್ತು. ಅದರ ಮುಂದೆಯೂ ಒಂದು "ಮುಟ್ಟಬೇಡಿ" ಹಲಗೆ ಬಂದಿತ್ತು. ಬಂದೆ ತಡಿ, ಮೊದಲು ನಿನ್ನನ್ನೇ ಕೀಳುತ್ತೇನೆ ಅಂದುಕೊಂಡೆ. ಎರಡನೆಯ ಮೆಟ್ಟಿಲಿಗೆ ಕಾಲಿಟ್ಟು ಮೈಭಾರ ಹಾಕಿದೆ. ತೊಡೆ ಒಂಚೂರು ನಡುಗಿತು. ನಡುಗಿತು ಅಷ್ಟೇ. ಮನೆಯಲ್ಲೂ ನಡುಗುತ್ತಿತ್ತು, ಆಮೇಲೆ ನಿಲ್ಲುತ್ತಿತ್ತು.

ಹಿಂದಿದ್ದ ಮಗನಿಗೆ ಆ ನಡುಕ ಕಂಡಿತು. "ಅಮ್ಮಾ ತಡಿ" ಅಂದವನೇ ಎರಡೂ ಕಂಕುಳಿಗೆ ಕೈ ಹಾಕಿ, ತುಂಬಿದ ಪೆಟ್ಟಿಗೆ ಎತ್ತುವ ಹಾಗೆ ಎತ್ತಿ ಬಾಗಿಲ ಕಡೆ ತಿರುಗಿಸಿದ. ಮೈ ತಿರುಗಿತು, ಮೆಟ್ಟಿಲಿನ ಮೇಲೆ ಊರಿದ್ದ ಕಾಲು ತಿರುಗಲಿಲ್ಲ. ಸೊಂಟದ ಒಳಗೆ ಏನೋ ಲಟಕ್ಕೆಂದಿತು. ನಾನು ಕೂಗಲಿಲ್ಲ, ಕೂಗುವುದಕ್ಕೆ ಉಸಿರೇ ಇರಲಿಲ್ಲ. ಕಣ್ಣು ಕತ್ತಲಿಟ್ಟಿತು. ಅವನು ಮಾತ್ರ ಬಿಡಲಿಲ್ಲ. ಎಷ್ಟು ಭದ್ರವಾಗಿ ಹಿಡಿದಿದ್ದನೆಂದರೆ ನನ್ನ ಬಟ್ಟೆಗೂ ನೆಲದ ಧೂಳು ತಾಗಲಿಲ್ಲ.

ಆಸ್ಪತ್ರೆಯಲ್ಲಿ ಕೇಳಿದವರೆಲ್ಲ ಒಂದೇ ಪ್ರಶ್ನೆ ಕೇಳಿದರು, ಹೇಗೆ ಬಿದ್ದರು ಅಂತ. "ಬೀಳಲಿಲ್ಲ" ಅನ್ನುತ್ತಿದ್ದ ಮಗ. "ನಾನು ಹಿಡ್ಕೊಂಡೇ ಇದ್ದೆ. ಕೆಳಗೆ ಬೀಳೋಕೆ ಬಿಡಲೇ ಇಲ್ಲ." ನರ್ಸಿಗೆ ಹೇಳಿದ, ನೆಂಟರಿಗೆ ಹೇಳಿದ, ಪಕ್ಕದ ಮಂಚದವರಿಗೂ ಹೇಳಿದ. ಅವರೆಲ್ಲ ತಲೆದೂಗಿದರು. ಇವನು ಹಿಡಿದಿದ್ದಕ್ಕೆ ಇಷ್ಟರಲ್ಲೇ ಹೋಯಿತು ಅಂದರು. ಸೊಸೆ ಮಂಚದ ಕಾಲ ಹತ್ತಿರ ನಿಂತಿದ್ದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಬಾಯಿ ಬಿಟ್ಟಿದ್ದರೆ ಅವನು ಅಲ್ಲೇ ಕುಸಿದುಹೋಗುತ್ತಿದ್ದ. ಬಿಡಲಿಲ್ಲ. ಜೀವಮಾನದಲ್ಲಿ ನಾನು ನುಂಗಿದ ಮಾತುಗಳಲ್ಲಿ ಅದರಷ್ಟು ಕಹಿ ಇನ್ನೊಂದಿಲ್ಲ.

ಸೊಂಟದ ಹತ್ತಿರ ಮುರಿದ ತೊಡೆಮೂಳೆಗೆ ಮೂಳೆ ಡಾಕ್ಟರು ಆಪರೇಷನ್ ಮಾಡಿ ರಾಡು ಕೂರಿಸಿದರು. "ನಾಳೆಯೇ ಎದ್ದು ನಿಲ್ಲಿಸಬೇಕು. ಮಲಗಿದಷ್ಟೂ ಕೆಡುಕು" ಅಂತ ಎಲ್ಲರ ಎದುರಿಗೆ ಹೇಳಿದರು. ಮಾರನೆಯ ಬೆಳಿಗ್ಗೆ ದಪ್ಪ ತೋಳಿನ ನರ್ಸೊಬ್ಬಳು ವಾಕರ್ ತಂದು ಮಂಚದ ಮುಂದಿಟ್ಟಳು. ಮಗ ಧಾವಿಸಿ ಬಂದು ನನ್ನ ರಟ್ಟೆಗೆ ಕೈ ಹಾಕಿದ.

"ನೀನು ಹೊರಗಿರು" ಅಂದೆ.

"ಅಮ್ಮ, ನಾನು ಹಿಡ್ಕೊಂಡ್ರೆ..."

"ಹೊರಗಿರು ಅಂದೆ."

ಅವನು ಹೋದ. ಬಾಗಿಲ ಮಬ್ಬು ಗಾಜಿನ ಆಚೆ ನಿಂತ. ನರ್ಸು ನನ್ನನ್ನು ಕೂರಿಸಿದಳು, ಕಾಲು ಇಳಿಬಿಡಿಸಿದಳು. ವಾಕರ್ ಹಿಡಿದೆ. ಎದ್ದೆ. ಎದ್ದೆ ಅಂತ ನಾನು ಅಂದುಕೊಂಡೆ, ಮೈ ಹಾಸಿಗೆಯಿಂದ ಮೇಲೇಳಲೇ ಇಲ್ಲ. ಇನ್ನೊಂದು ಸಲ ಪ್ರಯತ್ನಿಸಿದೆ. ಒಂದು ಗೇಣು ಎದ್ದು ಹಾಗೇ ಕೂತುಬಿಟ್ಟೆ. ಮುರಿದ ಕಾಲನ್ನು ಡಾಕ್ಟರು ಜೋಡಿಸಿದ್ದರು. ಸೋತದ್ದು ಮುರಿಯದ ಕಾಲು. ಸೊಸೆ ಬಟ್ಟೆ ಒಗೆಯುತ್ತಿದ್ದ ಹೊತ್ತಿನಲ್ಲಿ ನಾನು ಕೂಡಿಸಿದ್ದ ಬಲ ಇಷ್ಟಕ್ಕೆಲ್ಲ ಸಾಲುವಷ್ಟಿರಲಿಲ್ಲ.

"ಪರ್ವಾಗಿಲ್ಲ ಅಜ್ಜಿ, ಬಿಡ್ಬೇಡಿ. ನಾಳೆ ನಿಲ್ತೀರ" ಅಂದಳು ನರ್ಸು.

ಮಗ ಒಳಗೆ ಬಂದ. "ನಿಂತ್ಯಾ ಅಮ್ಮ?"

"ಇಲ್ಲ."

ಆಗ ಅವನ ಮುಖ ನೋಡಿದೆ. ಬೇಸರ ಇರಬೇಕಿತ್ತು, ಇರಲಿಲ್ಲ. ಅಷ್ಟು ತಿಂಗಳಿಂದ ಬಿಗಿದುಕೊಂಡಿದ್ದ ಹಣೆ ಸಡಿಲವಾಗಿತ್ತು. ಅವನಿಗೆ ಅದು ಗೊತ್ತೇ ಇರಲಿಲ್ಲ. ನನಗೆ ಎದೆ ಒಡೆದುಹೋಯಿತು. "ಹೋಗ್ಲಿ ಬಿಡು, ಆತುರ ಏನಿದೆ ಈಗ" ಅಂದು ನನ್ನ ಕಾಲೆತ್ತಿ ಮೆಲ್ಲಗೆ ಹಾಸಿಗೆಯ ಮೇಲಿಟ್ಟ, ಹೊದಿಕೆ ಎಳೆದ, ಅಂಚು ಸರಿಮಾಡಿದ.

ನಾನು ನರ್ಸಿನ ಕೈ ಹಿಡಿದು ಹತ್ತಿರ ಎಳೆದುಕೊಂಡೆ. "ನಾಳೆ ಬೇಗ ಬಾ. ಇವನು ಬರೋದಕ್ಕೆ ಮುಂಚೆ ಬಾ" ಅಂದೆ.

ಮೆಲ್ಲಗೇ ಹೇಳಿದ್ದೆ, ಅವನಿಗೆ ಕೇಳಿಸಿತು. ನಕ್ಕ. ಕಿಟಕಿಯ ಕೆಳಗಿದ್ದ ಬೆಂಚನ್ನು ನನ್ನ ಮಂಚಕ್ಕೆ ತಾಗುವ ಹಾಗೆ ಎಳೆದು, ಅದರ ಮೇಲೆ ಮನೆಯಿಂದ ತಂದ ಚಾದರ ಹಾಸತೊಡಗಿದ.

"ನಾನೆಲ್ಲಿಗೆ ಹೋಗ್ತೀನಮ್ಮ" ಅಂದ. "ಇನ್ಮೇಲೆ ಇಲ್ಲೇ ಇರ್ತೀನಿ."